ಭೂಪಣ್ಣನ ಮನೆಯ ಊಟಕ್ಕೆ ಐದೇ ಮಂದಿ

ಗುರುವಾರ ಬೆಳಿಗ್ಗೆ ಬೆಟಗೇರಿಯ ನೀಲಿ ಬಾಗಿಲಿನ ಮನೆಯ ಪಡಸಾಲೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಹಾಳೆ ಮಡಚುತ್ತಿದ್ದರು. ಗಂಡ ದೊಡ್ಡ ಹಾಳೆಯನ್ನು ಒಮ್ಮೆ ಮಡಚಿ, ತಿರುಗಿಸಿ ಇನ್ನೊಮ್ಮೆ ಮಡಚಿ, ಮತ್ತೆ ತಿರುಗಿಸಿ ಮೂರನೆಯ ಸಲ ಮಡಚಿ ಹೆಂಡತಿಯ ಕಡೆ ಸರಿಸುವನು. ಹೆಂಡತಿ ಅದರ ಅಂಚನ್ನು ಚಮಚದ ಬೆನ್ನಿನಿಂದ ತೀಡಿ ಗೋಡೆಯ ಬದಿಗೆ ಒಟ್ಟುವಳು. ಹದಿನಾರು ಪುಟವಾಯಿತು, ಮಾತಿಲ್ಲ. ಇನ್ನೂ ಹದಿನಾರು ಪುಟವಾಯಿತು, ಆಗಲೂ ಮಾತಿಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕುವ ಸದ್ದೊಂದೇ. ಮೊದಲು ಬಾಯಿ ತೆರೆದವರು ಈ ಪುಸ್ತಕ ಹುಟ್ಟಿದ್ದು ಹೇಗೆ ಎಂಬುದನ್ನೂ ಹೇಳಬೇಕಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಅವರು ಹೇಳುವುದಿಲ್ಲ. ನಾವೇ ಹೇಳಿಬಿಡುವುದು ಒಳ್ಳೆಯದು.

ಗಂಡ ಮುತ್ತಣ್ಣ ಗದಗಿನ ಒಂದು ಛಾಪಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೈಂಡಿಂಗ್ ಕೆಲಸ ಮಾಡುತ್ತಿದ್ದ. ಲಗ್ನಪತ್ರಿಕೆ, ಪಂಚಾಂಗ, ಪಾವತಿ ಪುಸ್ತಕ, ಶಾಲೆಯ ವಹಿ, ಎಲ್ಲವೂ ಅವನ ಕೈಯಿಂದಲೇ ಹಾದುಹೋಗಬೇಕು. ಅವನು ಹೊಲಿದ ಪುಸ್ತಕಗಳಿಗೆ ಲೆಕ್ಕವಿರಲಿಲ್ಲ. ಓದಿದ ಪುಸ್ತಕಗಳಿಗೆ ಲೆಕ್ಕವಿತ್ತು, ಒಂದೂ ಇಲ್ಲ. ಹಾಗಿದ್ದೂ ಆತ ಸುಖವಾಗಿದ್ದ. ಎರಡು ವಾರದ ಹಿಂದೆ ಲಕ್ಷ್ಮೇಶ್ವರದಿಂದ ಅಂದಾನಪ್ಪನವರು ಅವನ ಮಗಳು ನೇತ್ರಾಳನ್ನು ನೋಡಲು ಬಂದರು. ತೊಂದರೆ ಶುರುವಾದದ್ದು ಅಲ್ಲಿ.

ಅಂದಾನಪ್ಪನವರದು ಬೀಜ, ಗೊಬ್ಬರದ ವ್ಯಾಪಾರ. ಮಗ ಅರ್ಜುನ ಮುಂಡರಗಿಯ ಅಂಗಡಿ ನೋಡಿಕೊಳ್ಳುತ್ತಿದ್ದ. ವ್ಯಾಪಾರ ಹೊಟ್ಟೆಗೆ, ಜೀವ ಮಾತ್ರ ಸಂಗೀತಕ್ಕೆ. ಊರ ಭಜನೆಯಲ್ಲಿ ಪೇಟಿ ಬಾರಿಸುವವರು ಅವರೇ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಹುಡುಗಿ ಒಪ್ಪಿಗೆಯಾಯಿತು, ಚಹಾ ಬಂತು. ಚಹಾ ಬಹಳ ಬಿಸಿಯಿತ್ತು. ಅದು ಆರಲಿ ಎಂದು ಅಂದಾನಪ್ಪನವರು ಒಂದು ಮಾತು ಕೇಳಿದರು.

"ನಿಮ್ಮ ಮನ್ಯಾಗ ಯಾರಿಗರ ಸಂಗೀತದ ನಾದ ಐತೇನ್ರಿ?"

ಇಲ್ಲ ಎನ್ನುವುದಕ್ಕೆ ಎರಡು ಅಕ್ಷರ ಸಾಕು. ಆದರೆ ಹೆಣ್ಣಿನ ತಂದೆ ಬೀಗರ ಎದುರು ಒಂದೇ ದಿನ ಎಷ್ಟು ಸಲ ಇಲ್ಲ ಅನ್ನಬಹುದು? ಹೊಲ ಐತೇನ್ರಿ ಅಂದಾಗ ಇಲ್ಲ ಅಂದಿದ್ದ. ಗಾಡಿ ಐತೇನ್ರಿ ಅಂದಾಗ ಇಲ್ಲ ಅಂದಿದ್ದ. ಮೂರನೆಯ ಸಲ ನಾಲಗೆ ತಾನಾಗಿಯೇ ಬೇರೆ ಕಡೆ ಹೊರಳಿತು.

"ನಾನ ಪುಸ್ತಕ ಬರಿಯಾಕ ಹತ್ತೇನ್ರಿ. ಸಣ್ಣ ಮಕ್ಕಳಿಗೆ. ಕಥಿ ಹೇಳ್ಕೋಂತ ಹೇಳ್ಕೋಂತ ಸರಿಗಮ ಕಲಸೋದು."

ಒಳಗೆ ಹೆಂಡತಿ ಶೇಖವ್ವನ ಕೈಯಿಂದ ಚಹಾದ ಬಸಿ ಜಾರಿತು. ಅಂದಾನಪ್ಪನವರು ಮಾತ್ರ ಚಹಾ ಕೆಳಗಿಟ್ಟು ಬೀಗರ ಕೈ ಹಿಡಿದುಕೊಂಡರು.

"ಎಂಥಾ ಮಾತು ಹೇಳಿದ್ರಿ ಬೀಗರ. ನಿಶ್ಚಯದ ದಿನ ಬಂದ ಮಕ್ಕಳಿಗೆಲ್ಲಾ ಆ ಪುಸ್ತಕಾನ ಕೊಡೂಣು. ನಾ ಪೇಟಿ ತರ್ತೇನಿ. ಎಲ್ಲಾರ ಮುಂದ ಓದಿ, ಬಾರಿಸಿ, ಹಾಡಸೂಣು. ಅರವತ್ತು ಪ್ರತಿ ಇರ್ಲಿ."

ಆ ಸಂಜೆ ನೇತ್ರಾ ಅಪ್ಪನ ಹತ್ತಿರ ಬಂದು ಕೂತಳು. "ಅಪ್ಪಾ, ನನಗ ಈ ಮನಿ ಮನಸಿಗೆ ಬಂದೈತಿ. ಪುಸ್ತಕದ ಸಲುವಾಗಿ ಕೆಡಬಾರ್ದು. ಚಿತ್ರ ನಾ ತಗೀತೇನಿ," ಎಂದಳು. ವರ್ಷಕ್ಕೆ ನಾಲ್ಕು ಮಾತಾಡುವ ಹುಡುಗಿ ಒಂದೇ ಸಂಜೆ ಮೂರು ಖರ್ಚು ಮಾಡಿದ್ದಳು. ಅದಕ್ಕಿಂತ ದೊಡ್ಡ ನೋಟೀಸು ಮುತ್ತಣ್ಣನಿಗೆ ಬೇಕಿರಲಿಲ್ಲ.

ಮರುದಿನ ಅವನು ಗದಗಿನಲ್ಲಿ ಪೇಟಿ ರಿಪೇರಿ ಮಾಡುವ ಫಕ್ರುಸಾಬರ ಅಂಗಡಿಯಲ್ಲಿದ್ದ.

"ಚಾಚಾ, ನನಗ ಸಂಗೀತ ಕಲಸ್ರಿ."

"ಎಷ್ಟ ವರ್ಷ ಪುರುಸೊತ್ತ ಐತಿ?"

"ಬರೂ ಸೋಮವಾರದ ತನಕ."

ಫಕ್ರುಸಾಬರು ನಗಲಿಲ್ಲ. ಎಪ್ಪತ್ತು ವರ್ಷದಲ್ಲಿ ಅವರು ಇದಕ್ಕಿಂತ ಕೆಟ್ಟ ಶಿಷ್ಯರನ್ನು ನೋಡಿದ್ದರು. ಬಿಚ್ಚಿಟ್ಟಿದ್ದ ಪೇಟಿಯ ಧೂಳು ಊದಿ, "ಆತು, ಕುಂಡ್ರು," ಎಂದರು. "ಸ್ವರ ಅಂದ್ರ ಏಳು ಮಂದಿ. ಸ ಮತ್ತ ಪ, ಇವರಿಬ್ರೂ ಕುಂತ ಜಾಗಾ ಬಿಟ್ಟು ಅಲಗೂದಿಲ್ಲ. ರಿ, ಗ, ಧ, ನಿ ಒಮ್ಮೊಮ್ಮೆ ಕೆಳಗ ಇಳದು ಮೆತ್ತಗ ಮಾತಾಡ್ತಾವ. ಮ ಒಬ್ಬಾಂವ ಮಾತ್ರ ಮ್ಯಾಲ ಏರಿ ತೀವ್ರ ಆಗ್ತಾನ."

"ನಮ್ಮ ಓಣಿ ಇದ್ದಂಗ ಐತಲ್ರಿ."

"ಎಲ್ಲಾ ಓಣೀನೂ ಹಂಗ."

"ಮತ್ತ ರಾಗ ಅಂದ್ರ?"

"ರಾಗ ಅಂದ್ರ ಒಂದು ಮನಿ ಊಟ ಇದ್ದಂಗ. ಯಾರ್ನ ಕರೀಬೇಕು, ಯಾರ್ನ ಬಿಡಬೇಕು ಅನ್ನೋದು ಗೊತ್ತಿರಬೇಕು. ಈಗ ಭೂಪ ಅಂತ ಒಂದು ರಾಗ ಐತಿ. ಅಲ್ಲಿ ಮ ಮತ್ತ ನಿ, ಇವರಿಬ್ಬರ್ನೂ ಕರಿಯೂದಿಲ್ಲ."

"ಯಾಕ್ರಿ?"

"ಕರದ್ರ ಅದು ಭೂಪ ಆಗೂದಿಲ್ಲ."

ಮುತ್ತಣ್ಣ ಎಲ್ಲವನ್ನೂ ಬರೆದುಕೊಂಡ, ಈ ಕೊನೆಯ ಮಾತೊಂದನ್ನು ಬಿಟ್ಟು. ಇದು ಬರೆದುಕೊಳ್ಳುವಂಥ ದೊಡ್ಡ ಮಾತೇನಲ್ಲ ಎಂದು ಅವನಿಗೆ ಅನ್ನಿಸಿತು. ಮುಂದೆ ಆದ ಅನಾಹುತವೆಲ್ಲ ಆ ಒಂದು ಸಾಲಿನದು.

ಬರೆಯಲು ಕೂತವನಿಗೆ ಏಳು ಪಾತ್ರ ಬೇಕಾಯಿತು. ದೊಡ್ಡ ಸಾಹಿತಿಗಳು ಪಾತ್ರಗಳನ್ನು ಎಲ್ಲಿಂದ ತರುತ್ತಾರೋ ಏನೋ, ಮುತ್ತಣ್ಣ ಕಿಟಕಿಯಿಂದ ಹೊರಗೆ ನೋಡಿದ. ಅವನ ಮನೆ ಬಿಟ್ಟರೆ ಓಣಿಯಲ್ಲಿ ಸರಿಯಾಗಿ ಏಳು ಮನೆ. ದೇವರೇ ತಯಾರು ಮಾಡಿ ಇಟ್ಟಂತಿತ್ತು.

ಬೆಳಿಗ್ಗೆ ಕಟ್ಟೆಯ ಮೇಲೆ ಕೂತರೆ ಹೊತ್ತು ಮುಳುಗುವ ತನಕ ಏಳದ ದೇವವ್ವಜ್ಜಿ ಸ ಆದಳು. ಹಾಲು ಹಾಕುವ ಸುಭಾಷ ರಿ. ಹಿಟ್ಟಿನ ಗಿರಣಿಯ ಜೈಬುನ್ನೀಸಾ ಪ, ಏಕೆಂದರೆ ಗಿರಣಿಯ ಸದ್ದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗ ಮತ್ತು ಧ ಬಾಡಿಗೆ ಮನೆಗಳು. ಅಲ್ಲಿದ್ದವರು ಯಾರೆಂದು ಗೊತ್ತಾಗುವಷ್ಟರಲ್ಲಿ ಬೇರೆಯವರು ಬಂದಿರುತ್ತಿದ್ದರು. ನಿವೃತ್ತ ಕಂಡಕ್ಟರ್ ಬೀರಲಿಂಗಪ್ಪ ಮ ಆದ. ಬಟ್ಟೆ ಹೊಲಿಯುವ ವನಿತಾ ನಿ ಆದಳು. ಅವಳ ಬಗ್ಗೆ ಮುತ್ತಣ್ಣ ಬರೆದದ್ದು ಹೀಗೆ: "ನಿ ಅಕ್ಕ ತನ್ನ ಮನೆಯಲ್ಲಿ ನಿಲ್ಲುವುದಿಲ್ಲ. ಒಂದು ಕಾಲು ಯಾವಾಗಲೂ ಮೇಲಿನ ಮನೆಯ ಮೆಟ್ಟಿಲ ಮೇಲೆ. ಮಕ್ಕಳೇ, ನಿ ಹಾಡಿ ನಿಲ್ಲಿಸಿ ನೋಡಿ, ನಿಮಗೂ ಮುಂದೆ ಹೋಗಬೇಕು ಅನ್ನಿಸುತ್ತದೆ." ಬೀರಲಿಂಗಪ್ಪನ ಬಗ್ಗೆ: "ಮ ಮಾವ ಮೆತ್ತಗೆ ಮಾತು ಶುರು ಮಾಡುತ್ತಾನೆ. ಮುಗಿಸುವಷ್ಟರಲ್ಲಿ ನಾವು ಕಿವಿ ಮುಚ್ಚಿಕೊಂಡಿರುತ್ತೇವೆ." ನೇತ್ರಾ ಚಿತ್ರ ಬರೆದಳು. ಮಾತು ಕಡಿಮೆ ಇದ್ದವರ ಕಣ್ಣು ಬಹಳ ಚುರುಕು. ಬೀರಲಿಂಗಪ್ಪನ ಮೀಸೆಯ ಎಡಗಡೆ ಗಿಡ್ಡವಿತ್ತು, ಚಿತ್ರದಲ್ಲೂ ಗಿಡ್ಡವಿತ್ತು.

ಹನ್ನೊಂದನೆಯ ಪುಟದಲ್ಲಿ ಭೂಪಣ್ಣನ ಮನೆ ಬಂತು. ಮುತ್ತಣ್ಣ ತಾನು ನೋಡದ ಮನೆಯ ಬಗ್ಗೆ ಬರೆಯುವ ಮನುಷ್ಯನಲ್ಲ. ಹೀಗಾಗಿ ಭೂಪಣ್ಣನ ಮನೆಗೆ ನೀಲಿ ಬಾಗಿಲು, ಎದುರಿಗೆ ಒಂದು ಕಾಲು ಅಲುಗಾಡುವ ಮಂಚ. "ಭೂಪಣ್ಣನ ಮನೆಯಲ್ಲಿ ಊಟ. ಸ, ರಿ, ಗ, ಪ, ಧ ಐದೂ ಮಂದಿ ಬಂದರು. ಮ ಮಾವನಿಗೂ ನಿ ಅಕ್ಕನಿಗೂ ಕರೆ ಇಲ್ಲ. ಊಟ ಬಹಳ ಚೆನ್ನಾಗಿ ಆಯಿತು."

ಛಾಪಖಾನೆಯ ಮಾಲೀಕರು ಉಳಿದ ಲಗ್ನಪತ್ರಿಕೆಯ ದಪ್ಪ ಕಾಗದ ಕೊಟ್ಟರು. ಅರಿಶಿನ ಬಣ್ಣ, ಸುತ್ತ ಬಂಗಾರದ ಗೆರೆ. ಅದೇ ರಕ್ಷಾಪುಟವಾಯಿತು. ಗುರುವಾರ ಗಂಡ ಹೆಂಡತಿ ಮಡಚಿದರು, ರಾತ್ರಿಯೊಳಗೆ ಅರವತ್ತೂ ಪ್ರತಿ ಹೊಲಿದು ಮುಗಿಯಿತು. ನಿಶ್ಚಯ ಭಾನುವಾರ. ಶುಕ್ರವಾರ ಬೆಳಿಗ್ಗೆ ಓಣಿಯನ್ನು ಕರೆಯಲು ಹೋಗಬೇಕಿತ್ತು. ಹೇಗೂ ಹೋಗುತ್ತೇನೆ, ಅವರೆಲ್ಲ ಪುಸ್ತಕದಲ್ಲಿದ್ದಾರೆ, ಒಂದೊಂದು ಪ್ರತಿ ಮೊದಲು ಅವರಿಗೇ ಸಲ್ಲಲಿ ಎಂದು ಮುತ್ತಣ್ಣ ಯೋಚಿಸಿದ. ಯೋಚನೆ ಒಳ್ಳೆಯದೇ. ಕೆಡಿಸಿದ್ದು ಕೈ.

ಅರಿಶಿನ ಬಣ್ಣದ, ಬಂಗಾರದ ಗೆರೆಯ ಕಾಗದ ಎದುರಿಗೆ ಬಂದರೆ ಆ ಕೈ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ ಮಾಡಿತ್ತು. ಗಿರಾಕಿಗೆ ಕೊಡುವ ಮೊದಲ ಪತ್ರಿಕೆಗಳ ನಾಲ್ಕೂ ಮೂಲೆಗೆ ಕುಂಕುಮ ಹಚ್ಚುವುದು. ಅಂದೂ ಹಚ್ಚಿತು. ಏಳು ಪುಸ್ತಕ, ಇಪ್ಪತ್ತೆಂಟು ಮೂಲೆ. ಆಮೇಲೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮನೆ ಮನೆಯ ಹೊಸ್ತಿಲಲ್ಲಿ ನಿಂತು, ಎರಡೂ ಕೈಯಿಂದ ಪುಸ್ತಕ ಕೊಟ್ಟು, "ಐತವಾರ ಮರೀಬ್ಯಾಡ್ರಿ," ಎಂದು ಹೇಳಿ ಬಂದ.

ಓಣಿ ಮತ್ತೇನು ತಿಳಿದುಕೊಳ್ಳಬೇಕು? ನಾಲ್ಕು ಮೂಲೆಗೆ ಕುಂಕುಮ ಇದ್ದದ್ದು ಆಮಂತ್ರಣ. ಈ ಸಲದ ಆಮಂತ್ರಣ ಸ್ವಲ್ಪ ಉದ್ದವಿದೆ, ಅಷ್ಟೇ. ಓದಿದರು.

ಮೊದಲು ಸಂತೋಷಪಟ್ಟದ್ದು ದೇವವ್ವಜ್ಜಿ. ಸುಭಾಷ ಹಾಲು ಅಳೆಯುತ್ತಲೇ ಓದಿ ಹೇಳಿದ. "ಪಂಕ್ತಿಯೊಳಗ ಮೊದಲನೇ ಎಲಿ ನಂದ. ಅಲಗಬ್ಯಾಡ ಅಂತ ಬರದಾನ, ಅಲಗೂದಿಲ್ಲ," ಎಂದು ಅಜ್ಜಿ ಹೋಗಿ ಬರುವವರಿಗೆಲ್ಲ ಹೇಳಿದಳು. ಯಾರ ಎಲೆ ಇಲ್ಲ ಎಂಬುದನ್ನೂ ಹೇಳಿದಳು.

ಮಧ್ಯಾಹ್ನಕ್ಕೆ ಬೀರಲಿಂಗಪ್ಪ ಬಂದ. ಓಣಿಯ ಸಮುದಾಯ ಭವನದ ಕಾರ್ಯದರ್ಶಿ ಅವನೇ. ನಿಶ್ಚಯ ನಡೆಯಬೇಕಾದದ್ದು ಅದೇ ಭವನದಲ್ಲಿ. ಕೀಲಿ ಅವನ ಮನೆಯ ಮೊಳೆಗೆ ಜೋತುಬಿದ್ದಿರುತ್ತಿತ್ತು. ಇಂದು ಅದು ಅವನ ಉಡದಾರದಲ್ಲಿತ್ತು.

"ಮುತ್ತಣ್ಣಾ, ಒಂದ ಮಾತ ಕೇಳ್ಲೇನು?" ಎಂದು ಮೆತ್ತಗೆ ಶುರು ಮಾಡಿದ.

"ಕೇಳ್ರಿ ಕಾಕಾ."

"ಗದಗ ಶಿರಹಟ್ಟಿ ಬಸ್ಸಿನ್ಯಾಗ ಮೂವತ್ತ ವರ್ಷ ದುಡದೇನಿ. ಕಾಲಿಡಾಕ ಜಾಗಾ ಇಲ್ದಿದ್ರೂ ಒಬ್ಬರನ್ನ ಕೆಳಗ ಇಳಿಸಿಲ್ಲ." ಧ್ವನಿ ಒಂದು ಮೆಟ್ಟಿಲು ಏರಿತು. "ಕೋಳಿ ತಂದವ್ರನ್ನೂ ಹತ್ತಿಸಿಕೊಂಡೇನಿ, ಕುರಿ ತಂದವ್ರನ್ನೂ ಹತ್ತಿಸಿಕೊಂಡೇನಿ. ನೀ ನನ್ನ ಊಟದ ಪಂಕ್ತಿಯಿಂದ ಇಳಿಸಿದಿ." ಈಗ ಅದು ಮುಳಗುಂದ ನಾಕೆಗೆ ಕೇಳಿಸುತ್ತಿತ್ತು.

"ಕಾಕಾ, ಅದು ಭೂಪ ರಾಗ್ರಿ."

"ಯಾವ ಭೂಪ? ಈ ಓಣ್ಯಾಗ ನೀಲಿ ಬಾಗಲಾ ಎಷ್ಟ ಅದಾವು?"

"ಒಂದ."

"ಕಾಲು ಅಲಗೂ ಮಂಚ?"

ಮುತ್ತಣ್ಣ ಆ ಮಂಚದ ಮೇಲೇ ಕೂತಿದ್ದ. ಅದು ಅಲುಗಿತು.

"ಮ್ಯಾಲ ಊಟ ಛಲೋ ಆತು ಅಂತ ಬರದಿ. ನಾ ಇಲ್ಲದ್ದಕ್ಕ ಛಲೋ ಆತೇನು?"

"ಊಟ ಇನ್ನೂ ಆಗಿಲ್ರಿ ಕಾಕಾ."

"ಆಗೂದ್ರೊಳಗ ಬರದೀಯಲ್ಲ, ಅದಕ್ಕ ಕೇಳಿದೆ," ಎಂದು ಬೀರಲಿಂಗಪ್ಪ ಕೀಲಿ ಸಪ್ಪಳ ಮಾಡುತ್ತ ಹೊರಟುಹೋದ.

ಹೋದ ಹಿಂದೆಯೇ ವನಿತಾ ಬಂದಳು. ನೇತ್ರಾಳ ನಿಶ್ಚಯದ ಕುಪ್ಪಸ ಅವಳ ಕೈಯಲ್ಲಿತ್ತು. ಕುಪ್ಪಸಕ್ಕೆ ತೋಳಿರಲಿಲ್ಲ.

"ಅಣ್ಣಾರ, ಇದಿಷ್ಟ ಆಗೇತಿ ನೋಡ್ರಿ. ತೋಳು ಹಚ್ಚಾಕ ಮಷೀನಿನ ಮುಂದ ಕುಂಡ್ರಬೇಕು. ನಂದು ಒಂದು ಕಾಲು ಯಾವಾಗ್ಲೂ ಮ್ಯಾಲಿನ ಮನಿ ಮೆಟ್ಟಲದ ಮ್ಯಾಗ ಇರತೈತಂತ. ಹೆಂಗ ಕುಂಡ್ರಲಿ?"

ಸಂಜೆಯ ಹೊತ್ತಿಗೆ ಸುದ್ದಿ ರೊಟ್ಟಿಗೆ ಬಂತು. ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಮನೆಗೆ ಐವತ್ತರಂತೆ ರೊಟ್ಟಿ ಬಡಿದು ಬುಟ್ಟಿಯಲ್ಲಿ ತಂದುಕೊಡುವುದು ರೂಢಿ. ಆ ಸಂಜೆ ಯಾವ ಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಲಿಲ್ಲ. ಭವನಕ್ಕೆ ಕೀಲಿ, ಕುಪ್ಪಸಕ್ಕೆ ತೋಳು, ಪಂಕ್ತಿಗೆ ರೊಟ್ಟಿ, ಮೂರೂ ಇಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಓಣಿಯೇ ಬಾಗಿಲು ಹಾಕಿಕೊಂಡ ಮನೆಯಿಂದ ಹೆಣ್ಣು ತರುವ ಬೀಗರು ಸುತ್ತ ನಾಲ್ಕು ತಾಲೂಕಿನಲ್ಲಿ ಸಿಗುವುದಿಲ್ಲ.

ಶೇಖವ್ವ ಆಗ ಮೌನ ಮುರಿದಳು.

"ಇಲ್ಲ ಅಂತ ಅಂದಿದ್ರ ಅವತ್ತ ಮುಗೀತಿತ್ತು."

ಶನಿವಾರ ಅಂಗಡಿ ತೆರೆಯುವ ಮೊದಲೇ ಮುತ್ತಣ್ಣ ಫಕ್ರುಸಾಬರ ಬಾಗಿಲಲ್ಲಿದ್ದ. "ಚಾಚಾ, ಏಳೂ ಮಂದೀನ ಕರಿಯೂ ರಾಗ ಒಂದು ಹೇಳ್ರಿ."

"ಬಿಲಾವಲ ಐತಿ. ಏಳೂ ಮಂದಿ ಬರ್ತಾರ. ಯಾರೂ ಕೆಳಗ ಇಲ್ಲ, ಮ್ಯಾಲ ಇಲ್ಲ, ಎಲ್ಲಾ ಶುದ್ಧ."

ಛಾಪಖಾನೆಗೆ ಓಡಿ ಒಂದು ಚೀಟಿ ಅಚ್ಚು ಹಾಕಿಸಿದ. "ಮರುದಿನ ಬಿಲಾವಲಪ್ಪನ ಮನೆಯಲ್ಲಿ ಊಟ. ಏಳೂ ಮಂದಿಗೆ ಕರೆ." ಏಳೂ ಮನೆಗೆ ಹೋಗಿ ಹನ್ನೊಂದನೆಯ ಪುಟದ ಕೆಳಗೆ ತಾನೇ ಗೋಂದು ಹಚ್ಚಿ ಅಂಟಿಸಿದ. ಇನ್ನು ಯಾರಿಗೂ ಸಿಟ್ಟಿರಲು ಕಾರಣವಿಲ್ಲ ಎಂದು ಧೈರ್ಯವಾಗಿ ಎದುರಿಗೆ ನಿಂತ.

ಬೀರಲಿಂಗಪ್ಪ ಎರಡು ಸಲ ಓದಿದ. "ಮರುದಿನ," ಎಂದ ಮೆತ್ತಗೆ. "ಅಂದ್ರ ಮೊದಲನೇ ದಿನದ್ದು ಉಳದದ್ದು."

ವನಿತಾ ಚೀಟಿ ಓದಿದಳು. ಮನೆಯೊಳಗೆ ಹೋಗಿ ಕುಪ್ಪಸದ ಕೊರಳಪಟ್ಟಿಯನ್ನೂ ಬಿಚ್ಚಿ ತಂದು ತೋರಿಸಿದಳು.

ಮುತ್ತಣ್ಣ ಮತ್ತೆ ಗದಗಿಗೆ. "ಚಾಚಾ, ಮ ಅಂಬಾಂವ್ನ ಗಾದಿ ಮ್ಯಾಲ ಕುಂಡ್ರಿಸೂ ರಾಗ ಯಾವುದು? ನಿ ಸಹಿತ ಇರಬೇಕು."

"ಮಾಲಕಂಸ. ಅಲ್ಲಿ ಮ ಅಂಬಾಂವಂದ ಯಜಮಾನಕಿ. ನಿ ಸಹಿತ ಇರತೈತಿ, ಮೆತ್ತಂದು."

"ಅದನ್ನ ಕೊಡ್ರಿ," ಎಂದ ಮುತ್ತಣ್ಣ, ಮಾತ್ರೆ ಕೇಳುವವನಂತೆ. ಯಾರನ್ನು ಬಿಡಬೇಕು ಎಂದು ಕೇಳಲು ನೆನಪಾದದ್ದು ಚೀಟಿ ಅಚ್ಚಾಗುವಾಗ. ಪ್ರಾಮಾಣಿಕ ಮನುಷ್ಯ, ಸಂಗೀತದಲ್ಲಿ ಸುಳ್ಳು ಬರೆಯಬಾರದೆಂದು ಫೋನು ಮಾಡಿ ಕೇಳಿ ಅದನ್ನೂ ಸೇರಿಸಿದ. "ಮಾಲಕಂಸಪ್ಪನ ಮನೆಯಲ್ಲಿ ಮ ಮಾವನೇ ಹಿರಿಯ. ರಿ ಅಣ್ಣನಿಗೂ ಪ ಅಕ್ಕನಿಗೂ ಕರೆ ಇಲ್ಲ." ಈ ಚೀಟಿಯೂ ಏಳೂ ಮನೆಯ ಪುಸ್ತಕಕ್ಕೆ ಅಂಟಿತು.

ಬೀರಲಿಂಗಪ್ಪ ಅದನ್ನು ಓದಿ, "ಪಂಕ್ತಿಯಿಂದ ಇಳಿಸಿದ ಮ್ಯಾಲ ಹೊಗಳೂದು ಸುರು ಮಾಡೀಯೇನು?" ಎಂದ. ಕೀಲಿ ಅಲ್ಲೇ ಉಳಿಯಿತು. ಸುಭಾಷ ಮಾತ್ರ ಸಂಜೆಯ ಹಾಲಿನ ಕ್ಯಾನನ್ನು ನೀಲಿ ಬಾಗಿಲ ಎದುರಿನಿಂದ ನಿಲ್ಲದೆ ಒಯ್ದ. ಜೈಬುನ್ನೀಸಾ ಸಂಭಾವಿತ ಹೆಂಗಸು, ಜಗಳಾಡಲಿಲ್ಲ. ಗಿರಣಿಯ ಬಾಗಿಲಿಗೆ 'ಕರೆಂಟ್ ಇಲ್ಲ' ಎಂಬ ಹಲಗೆ ತೂಗುಹಾಕಿ, ಎರಡು ಬಲ್ಬು ಹಚ್ಚಿ ಅದರ ಕೆಳಗೇ ಕೂತಳು.

ಮುತ್ತಣ್ಣ ಫೋನಿನಲ್ಲಿ ಇನ್ನೊಂದು ರಾಗ ಕೇಳಿದ.

"ಬ್ಯಾಡ ತಮ್ಮಾ," ಎಂದರು ಫಕ್ರುಸಾಬರು. "ಇನ್ನೊಂದು ರಾಗಕ್ಕ ನಿಮ್ಮ ಓಣಿ ಖಾಲಿ ಆಗತೈತಿ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಲಕ್ಷ್ಮೇಶ್ವರದ ಟೆಂಪೋ ಓಣಿಯ ಬಾಯಿಗೆ ಬಂದು ನಿಂತಿತು. ಅದರಿಂದ ಹೆಂಗಸರು, ಗಂಡಸರು, ಅರ್ಜುನ, ಸುಮಾರು ನಲವತ್ತು ಮಕ್ಕಳು, ಕೊನೆಗೆ ಕೆಂಪು ಬಟ್ಟೆಯ ಗವಸು ಹಾಕಿದ ಪೇಟಿ ಇಳಿದವು. ಭವನಕ್ಕೆ ಕೀಲಿ ಬಿದ್ದಿತ್ತು. ಓಣಿಯವರು ಯಾರೂ ಎದುರುಗೊಳ್ಳಲು ಬರಲಿಲ್ಲ. ಆದರೆ ಇಂಥ ತಮಾಷೆಯನ್ನು ನೋಡದೆ ಬಿಡುವಷ್ಟು ವೈರಾಗ್ಯವೂ ಅವರಿಗಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

ಮುತ್ತಣ್ಣ ಬೀಗರ ಎದುರು ಹೋಗಿ ಕೈಮುಗಿದ. ಅಂಗಿಯ ಕೆಳಗೆ ಹಿಡಿದಿದ್ದ ಪುಸ್ತಕ ಕೊಟ್ಟ. ಅಂದಾನಪ್ಪನವರು ನಿಂತಲ್ಲೇ ಪುಟ ತಿರುವಿದರು. ತಲೆ ಎತ್ತಿ ಕಟ್ಟೆಯ ಮೇಲಿನ ದೇವವ್ವಜ್ಜಿಯನ್ನು ನೋಡಿದರು. ಪುಸ್ತಕ ನೋಡಿದರು. ಬೀರಲಿಂಗಪ್ಪನ ಮೀಸೆ ನೋಡಿದರು, ಮತ್ತೆ ಪುಸ್ತಕ ನೋಡಿದರು. ಅವರ ಮುಖ ಅರಳುತ್ತ ಹೋಯಿತು.

"ಬೀಗರ, ಎಂಥಾ ವ್ಯವಸ್ಥಾ ಮಾಡೀರಿ. ಪುಸ್ತಕದಾಗಿನ ಮಂದೀನ ಒಬ್ಬೊಬ್ಬರನ್ನ ಬಾಗಲದಾಗ ನಿಲ್ಲಿಸೀರಿ. ನಾ ಭವನದಾಗ ಕುಂತು ಪೇಟಿ ಬಾರಿಸೂದು ಅಂತ ತಿಳದಿದ್ದೆ. ನೀವು ಓಣೀನ ಪೇಟಿ ಮಾಡಿಬಿಟ್ಟೀರಲ್ರಿ."

ಮುತ್ತಣ್ಣ ಇಲ್ಲ ಎನ್ನಲು ಬಾಯಿ ತೆರೆದ. ಹಿಂದಿನಿಂದ ಶೇಖವ್ವ ಅವನ ಅಂಗಿ ಜಗ್ಗಿದಳು. ಎರಡು ವಾರದಲ್ಲಿ ಮೊದಲ ಸಲ ಗಂಡ ಇಲ್ಲ ಎನ್ನಬಾರದು ಎಂದು ಅವಳಿಗೆ ಅನ್ನಿಸಿತ್ತು.

ಅಂದಾನಪ್ಪನವರು ದೇವವ್ವಜ್ಜಿಯ ಪಕ್ಕದಲ್ಲೇ ಪೇಟಿ ಇಳಿಸಿ ಕೂತು ಸ ಒತ್ತಿ ಹಿಡಿದರು. "ಅಜ್ಜಿ, ಇದು ನೀವು. ಅನ್ರಿ."

"ಸಾ," ಎಂದಳು ಅಜ್ಜಿ. ಹಲ್ಲಿರಲಿಲ್ಲ, ಆದರೆ ಅಲುಗಲಿಲ್ಲ.

ಮಕ್ಕಳು ಹೋ ಎಂದು ಅಜ್ಜಿಯ ಎದುರು ಗುಂಪಾದರು. ಪೇಟಿ ರಿ ಎಂದಿತು, ಬೀಗರು ಪುಸ್ತಕದ ಚಿತ್ರ ತೋರಿಸಿದರು. ಮಕ್ಕಳು ಸುಭಾಷನ ಬಾಗಿಲಿಗೆ ಓಡಿದರು. ಬೀಗರು ಕೇಳುವಾಗ ಒಲ್ಲೆ ಅನ್ನುವುದು ಹೇಗೆ? ಅವನು ಆಚೆ ಈಚೆ ನೋಡಿ, ಹಾಲು ಬೇಕೇನ್ರಿ ಎಂದು ಕೂಗುವ ದನಿಯಲ್ಲೇ ರಿ ಎಂದ. ಬಾಡಿಗೆ ಮನೆಯವರು ಗ ಎಂದರು. ಜೈಬುನ್ನೀಸಾ ಹಲಗೆಯನ್ನು ಮೆಲ್ಲಗೆ ತೆಗೆದಿಟ್ಟು ಪ ಎಂದಳು. ಧ ಆಯಿತು. ಮಕ್ಕಳು ಮೇಲಕ್ಕೂ ಕೆಳಕ್ಕೂ ಓಡಿದಂತೆ ಓಣಿಯೆಲ್ಲ ಭೂಪವಾಯಿತು. ನಲವತ್ತು ಮಕ್ಕಳಲ್ಲಿ ಒಂದೂ ತಪ್ಪಿ ಬೀರಲಿಂಗಪ್ಪನ ಬಾಗಿಲಿಗೆ ಹೋಗಲಿಲ್ಲ, ವನಿತಾಳ ಬಾಗಿಲಿಗೂ ಹೋಗಲಿಲ್ಲ. ಅದನ್ನು ನೋಡಿ ನೋಡಿ ಬೀರಲಿಂಗಪ್ಪನಿಗೆ ತಡೆಯಲಾಗಲಿಲ್ಲ.

"ನಾವೇನು ಇಲ್ಲಿ ಕಂಬ ಏನ್ರಿ?" ಎಂದ. ಈ ಸಲ ಮೆತ್ತಗೆ ಶುರು ಮಾಡುವಷ್ಟೂ ಪುರುಸೊತ್ತಿರಲಿಲ್ಲ.

"ಮ ಅಂದ್ರ ನೀವಲ್ಲೇನ್ರಿ?"

"ನಾನ. ಊಟಕ್ಕ ಕರೀದಾಂವ."

ಅಂದಾನಪ್ಪನವರು ನಕ್ಕರು. "ಭೂಪದಾಗ ನೀವು ಬಂದ್ರ ಅದು ಭೂಪ ಆಗೂದಿಲ್ರಿ. ಅದರಾಗ ನಿಮ್ಮದೇನ ತಪ್ಪಿಲ್ಲ. ಆದ್ರ ಶುದ್ಧ ಕಲ್ಯಾಣ ಅಂತ ಒಂದು ಐತಿ. ಅದರಾಗ ಏರೂವಾಗ ಈ ಐದ ಮಂದಿ. ಇಳಿಯೂವಾಗ ಮಾತ್ರ ನೀವಿಬ್ಬರೂ ಕೂಡಿ ಏಳೂ ಮಂದಿ."

ಬೀರಲಿಂಗಪ್ಪ ಇದನ್ನು ಕಂಡಕ್ಟರನ ತಲೆಯಿಂದ ಯೋಚಿಸಿದ. "ಅಂದ್ರ ಹತ್ತೂವಾಗ ನಾ ಇಲ್ಲ."

"ಇಲ್ಲ."

"ಇಳಿಯೂವಾಗ ಅದೇನಿ."

"ಅದೀರಿ."

"ನೂಕೂದು ಇವರಿಗೆ. ಊರು ಬಂದ ಮ್ಯಾಲ ನಮಗ."

"ಹಂಗ ತಿಳ್ಕೊಂಡ್ರೂ ಆತು."

ಮೂವತ್ತು ವರ್ಷ ಜನರನ್ನು ಹತ್ತಿಸಿಯೇ ಸೊಂಟ ನೋಯಿಸಿಕೊಂಡ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಅವನು ಹೊಸ್ತಿಲು ಬಿಟ್ಟು ಕೆಳಗಿಳಿದ. ಪೇಟಿ ಐದು ಮೆಟ್ಟಿಲು ಏರಿ ತುದಿಯಿಂದ ಹೊರಳಿತು. ವನಿತಾ, ಸಿಟ್ಟೋ ನಾಚಿಕೆಯೋ ತಿಳಿಯದ ಮುಖದಲ್ಲಿ, ನಿ ಎಂದಳು. ಖರೆ ಹೇಳಬೇಕೆಂದರೆ ಓಣಿಯಲ್ಲೇ ಒಳ್ಳೆಯ ಧ್ವನಿ ಅವಳದು. ಆಮೇಲೆ ಬೀರಲಿಂಗಪ್ಪನ ಮ ಬಂತು. ನೀರಿನ ಟಾಕಿಯ ಮೇಲಿನ ಪಾರಿವಾಳಗಳು ಹಾರಿಹೋದವು.

"ಅಷ್ಟ ಜೋರ ಬ್ಯಾಡ್ರಿ," ಎಂದರು ಅಂದಾನಪ್ಪನವರು. "ಅಲ್ಲಿ ಮ ಬರೇ ಸುಳದು ಹೋಗಬೇಕು."

"ಸುಳದು ಹೋಗೂದು ಎಕ್ಸ್‌ಪ್ರೆಸ್ ಬಸ್ಸು. ನಂದು ನಿಂತು ಹೋಗೂದು."

ಸುಭಾಷ ಆಗಲೇ ಬೇರೆ ಲೆಕ್ಕ ಹಾಕುತ್ತಿದ್ದ. "ಹಂಗಾದ್ರ ಏರೂ ದುಡತ ಎಲ್ಲಾ ನಮಗ ಐದು ಮಂದಿಗೇನು?"

"ನನಗ ಏನೂ ಹೇಳಬ್ಯಾಡ್ರಿ," ಎಂದಳು ದೇವವ್ವಜ್ಜಿ. "ಅಲಗೂದಿಲ್ಲ ಅಂತ ಅಚ್ಚು ಹಾಕಿಸ್ಯಾರ."

"ಯಾರೂ ನಮಗ ಪುಕ್ಕಟಿ ಕೂಳು ಹಾಕೂದು ಬ್ಯಾಡ," ಎಂದು ವನಿತಾ ಸರಸರ ಒಳಗೆ ಹೋದಳು. ಐದು ನಿಮಿಷ ಮಷೀನು ಓಡಿದ ಸಪ್ಪಳ ಕೇಳಿಸಿತು. ಬರುವಾಗ ಒಂದು ಕೈಯಲ್ಲಿ ಎರಡು ತೋಳೂ ಕೊರಳಪಟ್ಟಿಯೂ ಇದ್ದ ಕುಪ್ಪಸ, ಇನ್ನೊಂದು ಕೈಯಲ್ಲಿ ರೊಟ್ಟಿಯ ಬುಟ್ಟಿ. ಅದನ್ನು ನೋಡಿ ಉಳಿದ ಮನೆಗಳಿಂದಲೂ ಬುಟ್ಟಿಗಳು ಹೊರಬಂದವು. ಎಲ್ಲರೂ ನಸುಕಿನಲ್ಲಿ ಕದ ಮುಚ್ಚಿಕೊಂಡು ಬಡಿದಿದ್ದರು, ಒಬ್ಬರಿಗೊಬ್ಬರು ಹೇಳಿರಲಿಲ್ಲ. ಸಿಟ್ಟಿನಲ್ಲಿ ಬಡಿದ ರೊಟ್ಟಿ, ಅದಕ್ಕೇ ಹಪ್ಪಳದಷ್ಟು ತೆಳ್ಳಗಿದ್ದವು. ಬೀರಲಿಂಗಪ್ಪ ಉಡದಾರದಿಂದ ಕೀಲಿ ಬಿಚ್ಚಿ ಭವನದ ಬಾಗಿಲು ತೆರೆದು, "ಮುಂದ ಸರೀರಿ, ಮುಂದ ಸರೀರಿ, ಒಳಗ ಜಾಗಾ ಭಾಳ ಐತಿ," ಎಂದು ಎಲ್ಲರನ್ನೂ ಒಳಗೆ ನೂಕಿದ.

ನಿಶ್ಚಯವಾಯಿತು. ನೇತ್ರಾಳ ಉಡಿ ತುಂಬಿದರು, ಸಕ್ಕರೆ ಹಂಚಿದರು. ಗೋಧಿ ಹುಗ್ಗಿಗೆ ತುಪ್ಪ ಬೀಳುವಾಗ ಅಂದಾನಪ್ಪನವರು ಮುತ್ತಣ್ಣನ ಕಿವಿಯ ಹತ್ತಿರ ಬಾಗಿದರು.

"ಬೀಗರ, ನಿಮಗ ಸಂಗೀತ ಬರೂದಿಲ್ಲ."

ಮುತ್ತಣ್ಣನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಇಲ್ರಿ," ಎಂದ. ಎರಡು ವಾರ ತಡವಾಗಿ ಬಂದರೂ ಮಾತು ಸ್ಪಷ್ಟವಾಗಿತ್ತು.

"ಬರೂ ಮಂದಿ ಬರದ ಪುಸ್ತಕ ನನ್ನ ಕಪಾಟಿನ್ಯಾಗ ಹನ್ನೆರಡ ಅದಾವು. ಒಂದನ್ನರ ಓದಿ ಒಂದು ಕೂಸರ ಓಡಿದ್ದು ನಾ ನೋಡಿಲ್ಲ. ಇನ್ನೊಂದು ಬರೀರಿ. ತಾಳದ್ದು."

ಬಡಿಸುತ್ತಿದ್ದ ಶೇಖವ್ವ ಗಂಡನ ಮುಖ ನೋಡಿದಳು. ಗಂಡ ಎಲೆ ನೋಡಿಕೊಂಡು, "ನೋಡೂಣ್ರಿ," ಎಂದ. ಅವನ ಕಣ್ಣು ಆಗಲೇ ಭವನದ ಕಿಟಕಿಯ ಆಚೆ, ಪಕ್ಕದ ಓಣಿಯ ಮನೆಗಳನ್ನು ಎಣಿಸುತ್ತಿತ್ತು.

ಊಟವಾದ ಮೇಲೆ ಪುಸ್ತಕದ ಬುಟ್ಟಿ ತಂದು ನಡುವೆ ಇಟ್ಟರು. ಮಕ್ಕಳು ಸಾಲಾಗಿ ನಿಲ್ಲುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು. ಬೀರಲಿಂಗಪ್ಪ ಶಿರಹಟ್ಟಿಯ ನೆಂಟರಿಗೆಂದು ಐದು ತೆಗೆದುಕೊಂಡು, ಒಂದನ್ನು ಬಿಡಿಸಿ ಮೀಸೆ ನೋಡುತ್ತ ಕೂತ. ಸುಭಾಷ ತನ್ನ ಪುಟ ಹುಡುಕುತ್ತಿದ್ದ. ದೇವವ್ವಜ್ಜಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಲಕ್ಷ್ಮೇಶ್ವರದ ಹೆಂಗಸರಿಗೆ ತನ್ನ ಕಟ್ಟೆ ತೋರಿಸುತ್ತಿದ್ದಳು. ಜೈಬುನ್ನೀಸಾಳ ಹೆಗಲ ಮೇಲಿಂದ ವನಿತಾ, ವನಿತಾಳ ಹೆಗಲ ಮೇಲಿಂದ ಬಾಡಿಗೆ ಮನೆಯವರು ಬಗ್ಗಿ ಓದುತ್ತಿದ್ದರು. ಬೀಗರ ಕಡೆಯ ಗಂಡಸರು, ಯಾವ ಸ್ವರ ಯಾರೆಂದು ಬೆರಳು ಮಾಡಿ ಗುರುತು ಹಚ್ಚುತ್ತಿದ್ದರು. ನಲವತ್ತು ಮಕ್ಕಳು ಹಿರಿಯರ ಮೊಣಕಾಲ ಸುತ್ತ ನಿಂತು, ಹಿಮ್ಮಡಿ ಎತ್ತಿ ಎತ್ತಿ ಇಣುಕುತ್ತಿದ್ದವು.

ಮುತ್ತಣ್ಣ ಬರಿದಾದ ಬುಟ್ಟಿಯನ್ನು ನೋಡಿದ, ಮಕ್ಕಳನ್ನು ನೋಡಿದ. ಎದ್ದು ನಿಂತು ಕೈಮುಗಿದ.

"ಅದು ಮಕ್ಕಳ ಪುಸ್ತಕ್ರಿ. ಒಂದೊಂದು ಮಕ್ಕಳ ಕೈಯಾಗ ಕೊಡ್ರಿ," ಎಂದ.

ಯಾರೂ ತಲೆ ಎತ್ತಲಿಲ್ಲ.